ಪ್ರವೇಶಪರೀಕ್ಷೆಯೂ ಗಡಿನಾಡಿನ ಮಕ್ಕಳೂ



ಗಡಿಯೆಂದರೆ ಕಂದಾಯದ ಕಲ್ಲು, ಕಚೇರಿಯ ಕಾಗದ, ಬಸ್ಸಿನ ಹಲಗೆಯ ಮೇಲಣ ಲಿಪಿ ಎಂದೇ ನಾವು ಬಗೆದಿದ್ದೆವು. ಅದು ಪರೀಕ್ಷೆಯ ಕೊಠಡಿಯೊಳಗೂ ಹಾದುಹೋಗಿದೆಯೆಂಬುದನ್ನು ತಮ್ಮಲ್ಲಿ ನಿವೇದಿಸಲು ನಿಂತಿದ್ದೇನೆ.

ವೈದ್ಯಕೀಯ ಕಾಲೇಜನ್ನು ಸೇರಬಯಸುವವರಿಗೆ ಭಾರತಕ್ಕೆಲ್ಲ ಒಂದೇ ಪರೀಕ್ಷೆ. ಅದರ ಹೆಸರು ನೀಟ್. 2017ರಲ್ಲಿ ಅದು 10 ಭಾಷೆಗಳಲ್ಲಿ ನಡೆದಾಗ ಕನ್ನಡವೂ ಅವುಗಳಲ್ಲೊಂದಾಗಿತ್ತು. 2021ರಲ್ಲಿ ಭಾಷೆಗಳು 13 ಆದವು. ಸಂತೋಷವೇ ಸರಿ. ಆದರೆ ನಿಯಮಪುಸ್ತಕದ ಪಟ್ಟಿಯನ್ನು ತುಸು ನಿಧಾನವಾಗಿ ಓದಿರಿ. ಇಂಗ್ಲಿಷು, ಹಿಂದಿ, ಉರ್ದು ಪ್ರಶ್ನೆಪತ್ರಿಕೆಗಳು ದೇಶದ ಎಲ್ಲ ಕೇಂದ್ರಗಳಲ್ಲಿಯೂ ದೊರೆಯುವುವು. ಕನ್ನಡದ ಮುಂದೆ ಬರೆದಿರುವುದು ಕರ್ನಾಟಕವೊಂದೇ. ಹತ್ತು ವರ್ಷ ಕನ್ನಡದಲ್ಲಿ ಕಲಿತ ಮಂಜೇಶ್ವರದ ಹುಡುಗಿಗೆ ಕಾಸರಗೋಡಿನ ಕೇಂದ್ರದಲ್ಲಿ ಕನ್ನಡ ಪತ್ರಿಕೆಯಿಲ್ಲ. ಜತ್ತದ ಹುಡುಗನಿಗೆ ಸೊಲ್ಲಾಪುರದಲ್ಲಿಯೂ ಇಲ್ಲ. ತಾಯ್ನುಡಿ ಗಡಿಕಲ್ಲನ್ನು ಕಂಡು ನಿಲ್ಲುವುದೆಂದು ಇದನ್ನು ಗೊತ್ತುಮಾಡಿದವರು ಭಾವಿಸಿದರೋ ಏನೋ! ಈ ನಿಯಮವನ್ನು ತಿದ್ದಬೇಕೆಂದು ಪ್ರತಿಯೊಂದು ಗ್ರಾಮಸಭೆಯೂ ಮನವಿ ಕಳುಹಿಸತಕ್ಕದ್ದು.

ತಿದ್ದುವವರೆಗೆ ಮಕ್ಕಳು ಕಾಯಲಾರರಷ್ಟೆ. ಆದುದರಿಂದ ಕನ್ನಡದಲ್ಲಿ ಬರೆಯುವವರು ಅರ್ಜಿ ತುಂಬುವಾಗಲೇ ಮಂಗಳೂರನ್ನೋ ಕಲಬುರಗಿಯನ್ನೋ ಮೈಸೂರನ್ನೋ ಆರಿಸಿಕೊಳ್ಳಲಿ. ಆ ಪುಸ್ತಿಕೆಯಲ್ಲಿ ಕನ್ನಡದೊಡನೆ ಇಂಗ್ಲಿಷೂ ಅಚ್ಚಾಗಿರುವುದು. ಅನುವಾದದಲ್ಲಿ ಸಂದೇಹ ಬಂದರೆ ಇಂಗ್ಲಿಷಿನ ಪಾಠವೇ ಅಂತಿಮ. ದ್ಯುತಿಸಂಶ್ಲೇಷಣೆಯನ್ನು ಕಲಿತವನು ಫೋಟೋಸಿಂಥೆಸಿಸ್ ಎಂಬುದನ್ನೂ ಅರಿತಿರಬೇಕು. 2025ರ ಪರೀಕ್ಷೆಯಲ್ಲಿ 180 ನಿಮಿಷಗಳಿಗೆ 180 ಪ್ರಶ್ನೆಗಳು. ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ಊಹೆಯಿಂದ ಹಾಕಿದ ಗುರುತು ತಪ್ಪಾದರೆ ನಷ್ಟ.

ಇನ್ನು ಕರ್ನಾಟಕದ ವೃತ್ತಿಶಿಕ್ಷಣದ ಸೀಟುಗಳ ಮಾತು. ಕಾಸರಗೋಡು, ಮಂಜೇಶ್ವರ, ಹೊಸದುರ್ಗ, ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ತಾಲ್ಲೂಕುಗಳಲ್ಲಿ ನೆಲೆಸಿ ಓದಿದ, ಕನ್ನಡ, ತುಳು ಅಥವಾ ಕೊಡವ ಮಾತೃಭಾಷೆಯ ಮಕ್ಕಳಿಗೆ ಗಡಿನಾಡ ಕನ್ನಡಿಗರೆಂಬ ಹೆಸರಿನಲ್ಲಿ ಅರ್ಹತೆಯುಂಟು. ಆದರೆ ಅವರು ಪರೀಕ್ಷಾ ಪ್ರಾಧಿಕಾರದ ಕನ್ನಡ ಭಾಷಾಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಮನೆಯಲ್ಲಿ ಅಚ್ಚಗನ್ನಡ ನುಡಿಯುವ ಮಗು ಪರಭಾಷೆಯ ಶಾಲೆಗೆ ಹೋಗಿ, ಕನ್ನಡದ ಒತ್ತಕ್ಷರ ಬರೆಯಲಾರದೆ ಹಿಂದಿರುಗಿದರೆ, ಆ ತಪ್ಪನ್ನು ಯಾವ ಸರಕಾರದ ಮೇಲೆ ಹೊರಿಸೋಣ? ಸಂಜೆಗೊಂದು ಗಂಟೆ ಬರೆಯಿಸಿರಿ.

ತಾಲ್ಲೂಕಿನಲ್ಲಿ ಏಳು ವರ್ಷ ಓದಿದುದಕ್ಕೆ ಮುಖ್ಯೋಪಾಧ್ಯಾಯರ ಪ್ರಮಾಣಪತ್ರ ಬೇಕಾಗುವುದು; ಅದನ್ನು ಬೇಸಗೆಯ ರಜೆಗೆ ಮೊದಲೇ ಪಡೆದಿಟ್ಟುಕೊಳ್ಳಿರಿ. ಅರ್ಜಿಯ ಸಂದೇಹವುಳ್ಳ ಮಕ್ಕಳು ಸಭೆ ಮುಗಿದ ಬಳಿಕ ಈ ಜಗಲಿಯಲ್ಲಿಯೇ ಕುಳಿತಿರಲಿ. ನಾನು ಕೊನೆಯ ಬಸ್ಸಿನವರೆಗೂ ಇಲ್ಲಿರುವೆನು.