ಕೌದಿಯ ಹಣ, ದನದ ಮೇವು

ಹೊಳೆ ಏರಿತೆಂದರೆ ಮೊದಲು ಮಕ್ಕಳನ್ನೂ ಮುದುಕರನ್ನೂ ಎತ್ತರದ ನೆಲಕ್ಕೆ ಸಾಗಿಸುತ್ತಾರೆ. ಅದು ಸರಿಯೇ. ದನಕರುಗಳ ಸರದಿ ಬರುವುದು ಆಮೇಲೆ. ಪರಿಹಾರ ಕೇಂದ್ರದೊಳಗೆ ಜನರಿಗೆ ಅನ್ನ, ಸಾರು ದೊರೆಯುತ್ತದೆ. ಹೊರಗೆ ಬೇವಿನ ಗಿಡಕ್ಕೆ ಕಟ್ಟಿದ ಎತ್ತಿನ ಮುಂದೆ ಏನು ಹಾಕುವುದು ಎಂಬ ಚಿಂತೆ ರೈತನನ್ನು ಕಾಡುತ್ತದೆ. ಬಣವಿ ತೊಯ್ದು ಹೋಗಿದೆ. ತೊಯ್ದ ಕಣಿಕೆಗೆ ಬೂಷ್ಟು ಹಿಡಿದರೆ ಅದನ್ನು ತಿಂದ ದನ ರೋಗಕ್ಕೆ ಬೀಳುತ್ತದೆ.

ನಮ್ಮ ಭಾಗಕ್ಕೆ ಇದು ಹೊಸ ಸಂಗತಿಯಲ್ಲ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ಉತ್ತರ ಕರ್ನಾಟಕವೆಲ್ಲ ನೀರಿನಲ್ಲಿ ನಿಂತಾಗ ಯಾದಗಿರಿ ಇನ್ನೂ ಕಲಬುರಗಿ ಜಿಲ್ಲೆಗೇ ಸೇರಿತ್ತು. 2019ರ ಆಗಸ್ಟಿನಲ್ಲಿ ಕೃಷ್ಣೆ ಏರಿ ಶಹಾಪುರ ತಾಲ್ಲೂಕಿನ ಕೊಳ್ಳೂರು ಸೇತುವೆ ಮುಳುಗಿತು. ಮರುವರ್ಷ ಅಕ್ಟೋಬರಿನಲ್ಲಿ ಭೀಮೆಯ ಸರದಿ. ಆದಿಲಶಾಹಿ ಮನೆತನದ ಮೊದಲ ಸುಲ್ತಾನರ ಸಮಾಧಿಗಳಿರುವ ಗೋಗಿ ಈ ಎರಡು ಹೊಳೆಗಳ ನಡುವಣ ಸೀಮೆಯ ಊರು. ಹೊಳೆಯ ದಂಡೆಯ ಮೇಲಿನದಲ್ಲ. ದಂಡೆಯ ಹಳ್ಳಿಗಳಲ್ಲಿ ಮೇವು ಕೊಳೆಯುವಾಗ ಇಂಥ ಊರುಗಳಲ್ಲಿ ಒಣಗಿದ ಜೋಳದ ಕಣಿಕೆ ಉಳಿದಿರುವುದು ಸಾಧ್ಯ. ಆದರೆ ಅದನ್ನು ಕೊಳ್ಳಲು ಕೈಯಲ್ಲಿ ಹಣ ಬೇಕು. ಅದೂ ಆ ವಾರದಲ್ಲೇ ಬೇಕು.

ಹಣ ಎಲ್ಲಿಂದ? ಕೈಕೆಲಸದಿಂದ ಎಂದರೆ ಕೆಲವರು ನಕ್ಕಾರು. ದೂರದ ಒಂದು ನಿದರ್ಶನ ಹೇಳುತ್ತೇನೆ. 2019-20ರಲ್ಲಿ ಆಸ್ಟ್ರೇಲಿಯಾ ದೇಶದ ಕಾಡುಗಳಿಗೆ ಬೆಂಕಿ ಬಿದ್ದು, ಸುಮಾರು 300 ಕೋಟಿ ಪ್ರಾಣಿ ಪಕ್ಷಿಗಳು ಸತ್ತವು ಇಲ್ಲವೆ ನೆಲೆ ತಪ್ಪಿದವು ಎಂದು ಆಮೇಲೆ ಅಂದಾಜು ಮಾಡಿದರು. ತಾಯಿ ಸತ್ತ ಕಾಂಗರೂ ಮರಿಗೆ ತಾಯಿಯ ಹೊಟ್ಟೆಯ ಚೀಲದ ಬದಲು ಬಟ್ಟೆಯ ಚೀಲ ಬೇಕು. ಅಲ್ಲಿನ ಒಂದು ಕೈಕೆಲಸದ ಬಳಗ ಕೇಳಿಕೊಂಡದ್ದೇ ತಡ, ಹಲವು ದೇಶಗಳ ಹೆಂಗಸರು ಹೊಲಿದರು, ಹೆಣೆದರು. ಚೀಲಗಳು ಎಷ್ಟು ಬಂದವೆಂದರೆ ಇನ್ನು ಸಾಕು ಎಂದು ಆ ಬಳಗದವರೇ ಹೇಳಬೇಕಾಯಿತು. ಬೇರೆ ಕೆಲವರು ತಾವು ಮಾಡಿದ ಕುಸುರಿ ವಸ್ತುಗಳನ್ನು ತಮ್ಮ ಊರಿನಲ್ಲೇ ಮಾರಿ, ಬಂದ ಹಣವನ್ನು ಪ್ರಾಣಿಗಳ ಶುಶ್ರೂಷೆಗೆ ಕಳುಹಿಸಿದರು. ನನಗೆ ಎರಡನೆಯ ದಾರಿಯೇ ಮೇಲೆನಿಸುತ್ತದೆ. ವಸ್ತುವಿಗೆ ಸಾಗಣೆ ಬೇಕು, ಇಡಲು ಸ್ಥಳ ಬೇಕು. ಹಣವಾದರೆ ಇಂದು ಔಷಧವಾದೀತು, ನಾಳೆ ಮೇವಾದೀತು.

ನಮ್ಮ ಹೆಣ್ಣುಮಕ್ಕಳ ಕೈಯಲ್ಲಿ ಕೌದಿಯ ವಿದ್ಯೆ ಇದೆ. ಹಳೆಯ ಸೀರೆ, ಧೋತರ, ಕುಪ್ಪಸದ ತುಂಡುಗಳನ್ನು ಪದರ ಪದರವಾಗಿ ಹರವಿ, ಸಾಲುಹೊಲಿಗೆ ಹಾಕುತ್ತ ಹೋಗುವ ಈ ಕೆಲಸಕ್ಕೆ ಸೂಜಿ, ದಾರ, ಬಿಡುವು ಇಷ್ಟೇ ಬಂಡವಾಳ. ಪಟ್ಟಣದವರು ಬಣ್ಣದ ಕೌದಿಯನ್ನು ಇಷ್ಟಪಟ್ಟು ಕೊಳ್ಳುತ್ತಾರೆ. ಒಂದು ಕೌದಿಗೆ 2,000 ರೂಪಾಯಿ ಬಂತೆಂದು ಇಟ್ಟುಕೊಳ್ಳೋಣ. ದಾರ, ಅಸ್ತರಿಗೆ 200. ಹೊಲಿದವಳ ಕೂಲಿ 1,200. ಹತ್ತು ಹದಿನೈದು ದಿನ ಬೆನ್ನು ಬಾಗಿಸಿದವಳಿಗೆ ಇದು ಹೆಚ್ಚೇನಲ್ಲ. ಉಳಿದದ್ದು 600. ಕಣಿಕೆ ಕಿಲೋಗೆ 8 ರೂಪಾಯಿಯಂತೆ 75 ಕಿಲೋ. ದೊಡ್ಡ ಎತ್ತಿಗೆ ದಿನಕ್ಕೆ ಆರು ಕಿಲೋ ಒಣಮೇವು ಹಿಡಿದರೆ ಹನ್ನೆರಡು ದಿನ ನಡೆಯುತ್ತದೆ. ದರಗಳು ವರ್ಷದಿಂದ ವರ್ಷಕ್ಕೆ ಏರಿಳಿಯುತ್ತವೆ. ಲೆಕ್ಕದ ರೀತಿ ತಿಳಿಯಲೆಂದು ಮಾತ್ರ ಹೇಳಿದೆ. ನೀರು ಇಳಿದು ಹೊಸ ಹುಲ್ಲು ಚಿಗುರುವವರೆಗೆ ಎತ್ತು ಬದುಕಿದರೆ ಮುಂದಿನ ಬಿತ್ತನೆ ನಡೆದೀತು. ಎತ್ತನ್ನು ಸಂತೆಗೆ ಹೊಡೆದುಕೊಂಡು ಹೋಗಿ ಕೊಟ್ಟ ಬೆಲೆಗೆ ಮಾರಿದವನಿಗೆ ಮತ್ತೊಂದು ಜೋಡಿ ಕೊಳ್ಳಲು ಸಾಲವೇ ಗತಿ.

ಕೂಲಿಯ ಮಾತನ್ನು ಬೇಕೆಂದೇ ಎತ್ತಿದ್ದೇನೆ. ದಾನದ ಕೆಲಸವೆಂದು ಹೆಂಗಸರಿಂದ ಬಿಟ್ಟಿ ಹೊಲಿಸುವ ಅಭ್ಯಾಸ ನಮ್ಮಲ್ಲಿ ಉಂಟು. ಕೊಳ್ಳುವವರು ದಾನಿಗಳಾಗಲಿ, ಹೊಲಿದವಳು, ಅದರಲ್ಲೂ ತನ್ನ ಮನೆಯೇ ನೀರಿಗೆ ಹೋದವಳು, ತನ್ನ ಕೂಲಿ ತಾನು ಪಡೆಯಲಿ. ತಾನಾಗಿ ಬಿಟ್ಟುಕೊಟ್ಟರೆ ಅದು ಬೇರೆ ಮಾತು. ಮೇವಿಗೆ ಎಷ್ಟು, ಕೂಲಿಗೆ ಎಷ್ಟು ಎಂಬುದನ್ನು ಮಾರುವ ಮುಂಚೆಯೇ ಚೀಟಿಯಲ್ಲಿ ಬರೆದು ಕೌದಿಗೆ ಅಂಟಿಸಿಬಿಡಬೇಕು.

ಇನ್ನೊಂದು ತೊಡಕು ಕಾಲದ್ದು. ನೀರು ಬಂದ ದಿನ ಸೂಜಿ ಹಿಡಿದರೆ ಕೌದಿ ಮುಗಿಯುವಷ್ಟರಲ್ಲಿ ದನ ಸಾಯುತ್ತದೆ. ಆದ್ದರಿಂದ ನಿಧಿ ಮೊದಲೇ ಕೂಡಿರಬೇಕು. ಅದಕ್ಕೆ ನಮ್ಮ ಹಬ್ಬಗಳೇ ಅನುಕೂಲ ಮಾಡಿಕೊಟ್ಟಿವೆ. ಕಾರಹುಣ್ಣಿಮೆಗೆ ಎತ್ತುಗಳ ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆಪಟ್ಟಿ, ಹಣೆಗೆ ಗೊಂಡೆ. ಅದಾಗಿ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಎರಡೂ ಜೂನ್, ಜುಲೈ ಹೊತ್ತಿಗೆ ಬರುತ್ತವೆ. ದೊಡ್ಡ ನೆರೆಗಳು ಬಂದದ್ದು ಆಗಸ್ಟಿನ ಮೇಲೆ. ಪಟ್ಟಣದ ಮನೆಗಳಲ್ಲಿ ಮಣ್ಣೆತ್ತನ್ನು ಈಗ ಕೊಂಡೇ ಪೂಜಿಸುತ್ತಾರೆ. ಶಾಲೆಯ ಮಕ್ಕಳು ಎರೆಮಣ್ಣು ಕಲಸಿ ಜೋಡೆತ್ತು ಮಾಡಿ ಮಾರಲಿ, ಹೆಂಗಸರು ಗೊಂಡೆ ಕಟ್ಟಲಿ. ಕಂಬಳಿ ನೇಯುವ ಕುರುಬರ ಮನೆಗಳನ್ನೂ ಮರೆಯಬಾರದು. ಪ್ರವಾಹದಲ್ಲಿ ಕುರಿಯ ಹಿಂಡೇ ಕೊಚ್ಚಿಹೋದರೆ ಅವರಿಗೆ ಉಣ್ಣೆಯೂ ಇಲ್ಲ, ಬದುಕೂ ಇಲ್ಲ.

ಕೂಡಿದ ಹಣವನ್ನು ಊರಿನ ಇಬ್ಬರು ಮೂವರ ಜಂಟಿ ಹೆಸರಿನಲ್ಲಿ ಅಂಚೆ ಕಚೇರಿಯಲ್ಲೋ ಬ್ಯಾಂಕಿನಲ್ಲೋ ಇಡಿರಿ. ಮೇವು ಕೊಳ್ಳುವ ಮುನ್ನ ಪಶುವೈದ್ಯರನ್ನು ಕೇಳಿರಿ. ಮಳೆಗಾಲಕ್ಕೆ ಮೊದಲೇ ಗಳಲೆ ಬೇನೆಯ, ಚಪ್ಪೆ ಬೇನೆಯ ಲಸಿಕೆ ಹಾಕಿಸಿರಿ. ನೀರು ಅಂಗಳಕ್ಕೆ ಬಂತೆಂದು ತಿಳಿದೊಡನೆ ದನದ ಕೊರಳ ಹಗ್ಗ ಬಿಚ್ಚಿಬಿಡಿರಿ; ಈಜಬಲ್ಲ ಪ್ರಾಣಿ ಗೂಟಕ್ಕೆ ಕಟ್ಟಿದಲ್ಲೇ ಮುಳುಗಬಾರದು.