ಗಾಣದ ಎಣ್ಣೆಯಾ, ರಿಫೈನ್ಡ್ ಎಣ್ಣೆಯಾ? ತಲೆಗೆ ಯಾವುದು?

ಹೈದರಾಬಾದ್‌ನಿಂದ ಮಾತಾಡ್ತಿದೀನಿ. ನಮ್ಮೂರು ತಿಪಟೂರು ಕಡೆ. ಇಲ್ಲಿಗೆ ಬಂದು ಒಂಬತ್ತು ವರ್ಷ ಆಯ್ತು, ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್. ನಾನು ಡಾಕ್ಟರ್ ಅಲ್ಲ. ಆದರೂ ತಲೆಗೆ ಹಚ್ಚೋ ಎಣ್ಣೆ ಬಗ್ಗೆ ಮಾತಾಡ್ತೀನಿ, ಯಾಕಂದ್ರೆ ಈ ವಿಷಯದಲ್ಲಿ ನಾನೊಂದು ತಪ್ಪು ಮಾಡಿದೀನಿ. ನಿಮ್ಮಲ್ಲೂ ತುಂಬಾ ಜನ ಅದನ್ನೇ ಮಾಡ್ತಿರಬಹುದು.

ತಿಪಟೂರು ಅಂದ್ರೆ ಕೊಬ್ಬರಿ. ನಮ್ಮ ಕಡೆ ತೆಂಗಿನಕಾಯಿಯನ್ನ ಅಟ್ಟದ ಮೇಲೆ ಹತ್ತು ತಿಂಗಳು, ಒಂದು ವರ್ಷ ಬಿಟ್ಟು, ಚಿಪ್ಪಿನೊಳಗೇ ಒಣಗಿಸಿ ಉಂಡೆ ಕೊಬ್ಬರಿ ಮಾಡ್ತಾರೆ. ಮಾರಾಟಕ್ಕೆ ಹೋಗದೆ ಉಳಿದಿದ್ದನ್ನ ಅಮ್ಮ ಗಾಣಕ್ಕೆ ಹಾಕಿಸ್ತಾರೆ. ಆ ಎಣ್ಣೆ ಐದು ಲೀಟರ್ ಕ್ಯಾನಲ್ಲಿ ಬಸ್ಸಿನಲ್ಲಿ ನನ್ನ ಜೊತೆ ಬರುತ್ತೆ. ಅಂಗಡಿ ಬಾಟಲಿ ನೋಡಿದ್ರೆ ನನಗೆ ಒಂಥರಾ ತಾತ್ಸಾರ ಇತ್ತು: ರಿಫೈನ್ಡ್ ಅಂದ್ರೆ ಕೆಮಿಕಲ್, ಗಾಣದ್ದು ಅಂದ್ರೆ ಅಮೃತ.

ಮೂರು ವರ್ಷದ ಹಿಂದೆ ಡೆಂಗಿ ಬಂತು. ವಾಸಿಯಾಗಿ ಎರಡೂವರೆ ತಿಂಗಳಿಗೆ ಕೂದಲು ಉದುರೋಕೆ ಶುರುವಾಯ್ತು. ಬಚ್ಚಲ ಜಾಲರಿ ತುಂಬಾ ಕೂದಲು. ನಾನೇನು ಮಾಡಿದೆ? ಅಮ್ಮನ ಎಣ್ಣೆ ಜಾಸ್ತಿ ಮಾಡಿದೆ. ದಿನಾ ರಾತ್ರಿ ನೆತ್ತಿಗೆ ಸುರಿದುಕೊಂಡು ಮಲಗೋದು. ನೆತ್ತಿ ಕೆರೆತ ಶುರುವಾಯ್ತು, ಹೊಟ್ಟು ಪದರ ಪದರವಾಗಿ ಏಳ್ತಿತ್ತು. "ಎಣ್ಣೆ ಸಾಲ್ತಿಲ್ಲ" ಅಂದ್ಕೊಂಡು ಇನ್ನೂ ಹಾಕಿದೆ. ಹೀಗೆ ನಾಲ್ಕು ತಿಂಗಳು.

ಕೊನೆಗೆ ಚರ್ಮದ ಡಾಕ್ಟರ್ ಹತ್ರ ಹೋದೆ. ಅವರು ಹೇಳಿದ್ದು ಎರಡು ಮಾತು. ಒಂದು, ಜೋರು ಜ್ವರ ಬಂದು ಎರಡು ಮೂರು ತಿಂಗಳಿಗೆ ಕೂದಲು ಉದುರೋದು ಮಾಮೂಲಿ, ಸಾಮಾನ್ಯವಾಗಿ ತಾನಾಗೇ ನಿಲ್ಲುತ್ತೆ. ಆದ್ರೂ ರಕ್ತ ಪರೀಕ್ಷೆ ಮಾಡ್ಸಿ ಅಂದ್ರು. ಮಾಡ್ಸಿದ್ರೆ ಕಬ್ಬಿಣದ ಅಂಶ ತೀರಾ ಕಡಿಮೆ. ಎರಡು, ಹೊಟ್ಟಿಗೆ ಕಾರಣವಾದ ಯೀಸ್ಟ್ ನೆತ್ತಿಯ ಜಿಡ್ಡನ್ನೇ ತಿಂದು ಬೆಳೆಯುತ್ತೆ. ಹೊಟ್ಟಿರೋ ನೆತ್ತಿಗೆ ಎಣ್ಣೆ ಹಾಕೋದು ಅದಕ್ಕೆ ಊಟ ಹಾಕಿದ ಹಾಗೆ, ಅದು ಗಾಣದ್ದಾದ್ರೂ ಅಷ್ಟೇ, ರಿಫೈನ್ಡ್ ಆದ್ರೂ ಅಷ್ಟೇ.

ಆಮೇಲೆ ಕೂತು ಓದಿದೆ. ರಿಫೈನ್ ಮಾಡೋದು ಅಂದ್ರೆ ಏನು? ಎಣ್ಣೆಯ ಹುಳಿ ಅಂಶ ತೆಗೀತಾರೆ. ಒಂಥರಾ ಜೇಡಿಮಣ್ಣಿನ ಮೂಲಕ ಸೋಸಿ ಬಣ್ಣ ತೆಗೀತಾರೆ. 'ಬ್ಲೀಚಿಂಗ್' ಅಂತಾರಲ್ಲ, ಅದು ಇದು, ಬಚ್ಚಲು ತೊಳೆಯೋ ಬ್ಲೀಚಿಂಗ್ ಪೌಡರ್ ಅಲ್ಲ. ಕೊನೆಗೆ ಇನ್ನೂರು ಡಿಗ್ರಿಗೂ ಮೇಲೆ ಬಿಸಿ ಮಾಡಿ, ಹಬೆ ಹಾಯಿಸಿ ವಾಸನೆ ತೆಗೀತಾರೆ. ಘಮ ಹೋಗುತ್ತೆ, ವಿಟಮಿನ್ ಇ ಥರದ್ದು ಒಂದಷ್ಟು ಹೋಗುತ್ತೆ. ಆದರೆ ಕೊಬ್ಬರಿ ಎಣ್ಣೆಯಲ್ಲಿ ಸುಮಾರು ಅರ್ಧದಷ್ಟಿರೋ ಲಾರಿಕ್ ಆಸಿಡ್ ಹಾಗೇ ಉಳಿಯುತ್ತೆ. ಕೂದಲಿನ ಒಳಗೆ ಇಳಿಯೋದು ಮುಖ್ಯವಾಗಿ ಅದೇ.

2003ರಲ್ಲಿ ರೆಲೆ ಮತ್ತು ಮೊಹಿಲೆ ಅನ್ನೋ ಇಬ್ಬರು ಒಂದು ಅಧ್ಯಯನ ಪ್ರಕಟಿಸಿದ್ರು. ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಮೂರನ್ನೂ ಕೂದಲಿಗೆ ಹಚ್ಚಿ ನೋಡಿದ್ರೆ, ಕೂದಲಿನ ಪ್ರೋಟೀನ್ ನಷ್ಟ ತಗ್ಗಿಸಿದ್ದು ಕೊಬ್ಬರಿ ಎಣ್ಣೆ ಒಂದೇ. ಅವರು ಕೊಬ್ಬರಿ ಎಣ್ಣೆ ಮಾರೋ ಕಂಪನಿಯವರೇ, ಅದೂ ನೆನಪಿರಲಿ. ಇನ್ನೊಂದು ಗಮನಿಸಿ: ಇದೆಲ್ಲ ಬೆಳೆದ ಕೂದಲು ಸವೆಯದ ಹಾಗೆ ಕಾಪಾಡೋ ವಿಷಯ. ಬುಡದಿಂದ ಉದುರೋ ಕೂದಲು ಬೇರೆ ಕತೆ.

ಹಾಗಾದ್ರೆ ಗಾಣದ್ದಕ್ಕೂ ರಿಫೈನ್ಡ್‌ಗೂ ವ್ಯತ್ಯಾಸವೇ ಇಲ್ವಾ? ಇದೆ. ಗಾಣದ ಎಣ್ಣೆ ಅದರ ಕೊಬ್ಬರಿಯಷ್ಟೇ ಒಳ್ಳೇದು. ಕೊಬ್ಬರಿಗೆ ಬೂಷ್ಟು ಹಿಡಿದಿದ್ರೆ ಅದೂ ಎಣ್ಣೆಗೆ ಬರುತ್ತೆ. ಇಟ್ಟುಕೊಳ್ಳೋದೂ ಸೂಕ್ಷ್ಮ. ನನ್ನ ಕ್ಯಾನು ಒಲೆ ಪಕ್ಕ, ಬಿಸಿಲು ಬೀಳೋ ಕಿಟಕಿ ಹತ್ರ ವರ್ಷಗಟ್ಟಲೆ ಇತ್ತು.

ಡಾಕ್ಟರ್ ಎಣ್ಣೆ ನಿಲ್ಸಿ ಅಂದಿದ್ದನ್ನ ಅಮ್ಮನಿಗೆ ಹೇಳೋಕೆ ಬಾಯಿ ಬರಲಿಲ್ಲ. ಫೋನಲ್ಲಿ "ಎಣ್ಣೆ ಹಚ್ಕೊಂಡ್ಯೇನೇ?" ಅಂದ್ರೆ "ಹೂಂ" ಅಂತಿದ್ದೆ. ಯುಗಾದಿಗೆ ಅಮ್ಮ ಬಂದ್ರು. ಕ್ಯಾನಿನ ಮುಚ್ಚಳ ತೆಗೆದು ಮೂಸಿದವರೇ ಮುಖ ಕಿವುಚಿದ್ರು. "ಇದನ್ನ ತಲೆಗೆ ಹಾಕ್ತಿದ್ಯಾ? ಕಮಟು ಆಗೋಗಿದೆ ಕಣೆ. ದೀಪಕ್ಕೂ ಬೇಡ, ಚೆಲ್ಲು." ನಾಲ್ಕು ತಿಂಗಳು ನಾನು ಊರಿನ ಮೇಲಿನ ಪ್ರೀತಿಗೆ ಹಚ್ಕೊಂಡ ಎಣ್ಣೆಯನ್ನ ಅಮ್ಮ ಒಂದೇ ನಿಮಿಷದಲ್ಲಿ ಸಿಂಕಿಗೆ ಸುರಿಯೋಕೆ ಹೊರಟ್ರು. ಪೈಪ್ ಕಟ್ಟುತ್ತೆ ಅಂತ ನಾನೇ ತಡೆದೆ.

ಈಗ ನನ್ನ ಲೆಕ್ಕ ಇಷ್ಟು. ಹೊಟ್ಟು, ಕೆರೆತ ಇದ್ರೆ ನೆತ್ತಿಗೆ ಯಾವ ಎಣ್ಣೆಯೂ ಬೇಡ. ನೆತ್ತಿ ಸರಿ ಇದ್ದು, ತಾಜಾ ಗಾಣದ ಎಣ್ಣೆ ಸಿಕ್ಕಿದ್ರೆ, ಆ ಘಮ ಇಷ್ಟ ಇದ್ರೆ ಅದನ್ನೇ ಹಚ್ಚಿ. ಆದ್ರೆ ಅರ್ಧ ಲೀಟರ್ ತನ್ನಿ, ಐದು ಲೀಟರ್ ಅಲ್ಲ. ಗಾಜಿನ ಬಾಟಲಿಯಲ್ಲಿ, ಕತ್ತಲಲ್ಲಿ ಇಡಿ, ಹಚ್ಚೋ ಮುಂಚೆ ಮೂಸಿ. ಎಣ್ಣೆ ವಾಸನೆ ಆಫೀಸಿಗೆ ಬೇಡ ಅನ್ನೋರು ರಿಫೈನ್ಡ್ ತಗೊಳ್ಳಿ, ಅದರಲ್ಲಿ ಪಾಪ ಏನಿಲ್ಲ. ದೆಹಲಿಯಲ್ಲಿರೋರು ಕಚ್ಚೀ ಘಾನಿ ಸಾಸಿವೆ ಎಣ್ಣೆ ಹಚ್ಚೋದಾದ್ರೆ ಮೊದಲು ಮೊಣಕೈ ಒಳಗೆ ಒಂದು ತೊಟ್ಟು ಹಚ್ಚಿ ನೋಡಿ, ಅದರ ಘಾಟು ಕೆಲವರಿಗೆ ಉರಿಯುತ್ತೆ. ಬಾಟಲಿ ಹಿಂದಿನ ಪಟ್ಟಿ ಓದಿ. ಮುಂದೆ ತೆಂಗಿನಕಾಯಿ ಚಿತ್ರ, ಹಿಂದೆ ಮೊದಲ ಹೆಸರೇ ಮಿನರಲ್ ಆಯಿಲ್ ಇರೋ 'ಹೇರ್ ಆಯಿಲ್'ಗಳು ಬೇಕಾದಷ್ಟಿವೆ. ಇನ್ನು "ಚಳಿಗೆ ಹೆಪ್ಪುಗಟ್ಟಿದ್ರೆ ಗಾಣದ್ದು" ಅನ್ನೋದನ್ನ ನಂಬಬೇಡಿ. ಸುಮಾರು 24 ಡಿಗ್ರಿಗಿಂತ ಕೆಳಗೆ ರಿಫೈನ್ಡ್ ಕೊಬ್ಬರಿ ಎಣ್ಣೆಯೂ ಹೆಪ್ಪುಗಟ್ಟುತ್ತೆ.

ಮುಷ್ಟಿಗಟ್ಟಲೆ ಕೂದಲು ಉದುರ್ತಿದ್ರೆ ಎಣ್ಣೆ ಬದಲಾಯಿಸ್ತಾ ಕೂರಬೇಡಿ, ಡಾಕ್ಟರ್ ಹತ್ರ ಹೋಗಿ. ನಾನು ಕಳ್ಕೊಂಡಿದ್ದು ಕೂದಲಿಗಿಂತ ಹೆಚ್ಚಾಗಿ ಆ ನಾಲ್ಕು ತಿಂಗಳು.

ಅಮ್ಮ ಈಗ ಅರ್ಧ ಲೀಟರೇ ಕಳಿಸ್ತಾರೆ. ಬಾಟಲಿ ಮೇಲೆ ಗಾಣ ಆಡಿಸಿದ ತಾರೀಖು ಬರೆದಿರ್ತಾರೆ.