ಕೆದಕುವ ಕೈ, ಮಾಯದ ಗಾಯ
(ಗ್ರಾಮಸ್ಥರ ಕೂಟದಲ್ಲಿ ಮಾಡಿದ ಭಾಷಣ)



ಬೀಜ, ಗೊಬ್ಬರ, ದನಕರುಗಳ ವಿಷಯವಾಗಿ ಮಾತನಾಡುವವರು ನಿಮ್ಮ ಮುಂದೆ ಎಷ್ಟೋ ಜನ ಬಂದು ಹೋಗುತ್ತಾರೆ. ನಾನು ಈ ಹೊತ್ತು ಹೇಳಹೊರಟಿರುವುದು ಅವುಗಳಷ್ಟು ದೊಡ್ಡದಾಗಿ ಕಾಣದ, ಆದರೆ ಅನೇಕ ಮನೆಗಳಲ್ಲಿ ಬಾಯಿಬಿಟ್ಟು ಹೇಳಲಾಗದೆ ಉಳಿದಿರುವ ಒಂದು ತೊಂದರೆಯ ವಿಷಯ. ತಮ್ಮ ಚರ್ಮವನ್ನು ತಾವೇ ಉಗುರಿನಿಂದ ಕೆದಕಿ, ಗುಳ್ಳೆಗಳನ್ನು ಹಿಸುಕಿ, ಹಕ್ಕಳೆ ಕಿತ್ತು ಗಾಯಮಾಡಿಕೊಳ್ಳುವ, ಬೇಡವೆಂದರೂ ಕೈ ತಡೆಯಲಾಗದ ಅಭ್ಯಾಸವೇ ಅದು.

ಸೊಳ್ಳೆ ಕಚ್ಚಿದ ಗುಳ್ಳೆಯನ್ನು ಒಮ್ಮೆಯಾದರೂ ಕೆರೆಯದವರು, ಒಣಗಿದ ಹಕ್ಕಳೆಯನ್ನು ಒಮ್ಮೆಯಾದರೂ ಎಬ್ಬಿಸದವರು ನಮ್ಮಲ್ಲಿ ಯಾರೂ ಇರಲಾರರು. ಅದು ರೋಗವಲ್ಲ. ಆದರೆ ದಿನವೂ ಅದೇ ಆಗಿ, ಇದ್ದ ಗಾಯ ಮಾಯುವ ಮೊದಲೇ ಮತ್ತೆ ಹಸಿಯಾಗಿ, ನಿಲ್ಲಿಸಬೇಕೆಂದು ಎಷ್ಟು ಸಲ ಮನಸ್ಸು ಮಾಡಿದರೂ ನಿಲ್ಲಿಸಲಾಗದೆ, ಕೆಲಸಕ್ಕೂ ನಾಲ್ಕು ಜನರೊಡನೆ ಬೆರೆಯುವುದಕ್ಕೂ ಅಡ್ಡಿಯಾದರೆ, ಆಗ ಅದನ್ನು ರೋಗವೆಂದೇ ತಿಳಿಯತಕ್ಕದ್ದು. ಇದು ಹೊಸದಾಗಿ ಹುಟ್ಟಿದ್ದಲ್ಲ. ಇಂಗ್ಲೆಂಡಿನ ಚರ್ಮವೈದ್ಯ ಎರಾಸ್ಮಸ್ ವಿಲ್ಸನ್ ೧೮೭೫ರಲ್ಲಿಯೇ ಇದನ್ನು ಕುರಿತು ಬರೆದನು. ಆದರೂ ರೋಗಗಳ ಪಟ್ಟಿಯಲ್ಲಿ ಇದಕ್ಕೆ ಸ್ವಂತ ಸ್ಥಾನ ಸಿಕ್ಕಿದ್ದು ತೀರ ಈಚೆಗೆ. ೨೦೧೩ರಲ್ಲಿ ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯಲ್ಲಿಯೂ, ಆಮೇಲೆ ೨೦೨೨ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿಯೂ ಇದು ಸೇರಿತು. ೧೦೦ ಜನರಲ್ಲಿ ಸುಮಾರು ಇಬ್ಬರಿಗೆ ಈ ತೊಂದರೆ ಇರುತ್ತದೆಂದು ಹೊರದೇಶಗಳ ಸಮೀಕ್ಷೆಗಳ ಅಂದಾಜು. ಆ ಲೆಕ್ಕ ನಮಗೂ ಸಲ್ಲುವುದಾದರೆ, ೫೦೦ ಜನರಿರುವ ಹಳ್ಳಿಯಲ್ಲಿ ೧೦ ಮಂದಿಯಾದರೂ ಇದನ್ನು ಒಳಗೊಳಗೇ ಅನುಭವಿಸುತ್ತಿರಬಹುದು. ಬಹಳ ಮಂದಿಗೆ ಇದು ಹರೆಯದಲ್ಲಿ, ಮುಖದ ಮೊಡವೆಯಿಂದ ಮೊದಲಾಗುತ್ತದೆ. ಪ್ರತಿಯೊಬ್ಬರೂ ತಮಗೊಬ್ಬರಿಗೇ ಹೀಗಾಗಿದೆಯೆಂದು ತಿಳಿದು, ಬೇಸಗೆಯಲ್ಲಿಯೂ ತುಂಬು ತೋಳಿನ ಅಂಗಿ ತೊಟ್ಟು, ಮದುವೆ ಮುಂಜಿಗಳಿಗೆ ಹೋಗದೆ ಮನೆಯಲ್ಲಿಯೇ ಉಳಿಯುತ್ತಾರೆ.

ಚರ್ಮವೆಂಬ ಬೇಲಿ

ಬೇಸಾಯಗಾರರಿಗೆ ಈ ವಿಷಯ ಏಕೆಂದು ನೀವು ಕೇಳಬಹುದು. ಹೊಲಕ್ಕೆ ಬೇಲಿ ಹೇಗೋ ದೇಹಕ್ಕೆ ಚರ್ಮ ಹಾಗೆ. ಪಟ್ಟಣದಲ್ಲಿ ಮೇಜಿನ ಮುಂದೆ ಕುಳಿತವನ ಬೇಲಿಯಲ್ಲಿ ಒಂದು ಕಂಡಿ ಬಿದ್ದರೆ ಒಳನುಗ್ಗುವ ದನ ಕಡಮೆ. ಮಣ್ಣು, ಸಗಣಿ, ಕೆಸರುಗಳ ನಡುವೆ ದುಡಿಯುವ ನಮ್ಮ ಬೇಲಿಯ ಮಾತು ಹಾಗಲ್ಲ. ಧನುರ್ವಾಯುವಿನ ರೋಗಾಣು ಮಣ್ಣಿನಲ್ಲಿಯೂ ಸಗಣಿಯಲ್ಲಿಯೂ ಇರುತ್ತದೆ. ಇಲಿ ಜ್ವರದ ರೋಗಾಣು ಇಲಿ ಹೆಗ್ಗಣಗಳ ಮೂತ್ರದಿಂದ ಗದ್ದೆಯ ನೀರಿಗೆ ಸೇರಿ, ಒಡೆದ ಚರ್ಮದ ಮೂಲಕ ಮೈಗೆ ಇಳಿಯುತ್ತದೆ. ಕೀಟನಾಶಕಗಳು ಸರಿಯಾಗಿರುವ ಚರ್ಮದ ಮೂಲಕವೇ ಒಳಕ್ಕೆ ಹೋಗಬಲ್ಲವು. ಹಸಿ ಗಾಯದ ಮೂಲಕ ಇನ್ನೂ ಸುಲಭವಾಗಿ ಹೋಗುತ್ತವೆ. ಆದುದರಿಂದ ಕೈಕಾಲುಗಳಲ್ಲಿ ಬಾಯಿಬಿಟ್ಟ ಗಾಯವಿರುವವರು ಔಷಧಿ ಬೆರೆಸುವ ಮತ್ತು ಸಿಂಪಡಿಸುವ ಕೆಲಸವನ್ನು ಗಾಯ ಮಾಯುವವರೆಗೆ ಬೇರೆಯವರಿಗೆ ಬಿಡುವುದು ಕ್ಷೇಮ. ಕೆಸರಿಗೆ ಇಳಿಯಲೇಬೇಕಾದರೆ ಗಾಯಕ್ಕೆ ನೀರು ತಾಗದಂತೆ ಕಟ್ಟಿ, ಗಂಬೂಟು ಹಾಕಿ ಇಳಿಯಿರಿ. ಧನುರ್ವಾಯುವಿನ ಚುಚ್ಚುಮದ್ದು ಯಾವಾಗ ಆಯಿತೆಂಬುದು ನೆನಪಿಲ್ಲದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ ಹಾಕಿಸಿಕೊಳ್ಳಿರಿ.

ಮೊದಲು ಕಾರಣ ತಿಳಿಯಿರಿ

ಕೆರೆಯುವವರೆಲ್ಲರೂ ಅಭ್ಯಾಸಬಲದಿಂದಲೇ ಕೆರೆಯುತ್ತಾರೆಂದು ಹೇಳಲಾಗದು. ರಾತ್ರಿ ಹೊತ್ತು ತುರಿಕೆ ಹೆಚ್ಚಾಗಿ, ಬೆರಳ ಸಂದಿ, ಮಣಿಕಟ್ಟು, ಸೊಂಟಗಳಲ್ಲಿ ಗುಳ್ಳೆ ಎದ್ದು, ಮನೆಯಲ್ಲಿ ಇಬ್ಬರು ಮೂವರಿಗೆ ಅದೇ ಇದ್ದರೆ ಅದು ಕಜ್ಜಿ. ಅದಕ್ಕೆ ವೈದ್ಯರು ಕೊಡುವ ಮುಲಾಮನ್ನು ಮನೆಮಂದಿಯೆಲ್ಲ ಒಂದೇ ಸಲ ಹಚ್ಚಿಕೊಳ್ಳಬೇಕು. ಮೈಮೇಲೆ ಏನೂ ಕಾಣದೆ ಬರಿಯ ತುರಿಕೆ ಇದ್ದರೆ ಸಕ್ಕರೆ ರೋಗ, ಮೂತ್ರಪಿಂಡ ಇಲ್ಲವೆ ಪಿತ್ತಕೋಶದ ತೊಂದರೆ ಇರಬಹುದು, ರಕ್ತಪರೀಕ್ಷೆ ಮಾಡಿಸತಕ್ಕದ್ದು. ಇವೊಂದೂ ಇಲ್ಲದೆ, ತುರಿಕೆಯೂ ಇಲ್ಲದೆ, ಬೆರಳು ತಾನಾಗಿ ಒರಟು ಜಾಗ ಹುಡುಕಿ ಹೋಗುವುದಾದರೆ ಆಗ ನಾನು ಹೇಳುತ್ತಿರುವ ತೊಂದರೆ ಎಂದು ತಿಳಿಯಬಹುದು.

ಇದು ಎರಡು ಬಗೆಯಾಗಿ ನಡೆಯುತ್ತದೆ. ಒಂದು, ತಿಳಿಯದೆಯೇ. ಟಿವಿಯ ಮುಂದೆ ಕುಳಿತಾಗ, ಮೊಬೈಲು ನೋಡುವಾಗ, ಪಂಪಿಗೆ ಕರೆಂಟು ಬರಲೆಂದು ರಾತ್ರಿ ಕಾಯುತ್ತ ಕುಳಿತಾಗ ಕೈ ತನ್ನಷ್ಟಕ್ಕೆ ಹೋಗಿರುತ್ತದೆ. ರಕ್ತದ ತೇವ ಬೆರಳಿಗೆ ತಗುಲಿದಾಗಲೇ ಎಚ್ಚರ. ಎರಡನೆಯದು, ತಿಳಿದೇ. ಸಾಲದ ಚಿಂತೆ, ಮನೆಯ ಜಗಳ, ಒಂಟಿತನ, ಬೇಸರ ಇವುಗಳಿಂದ ಒಳಗೆ ಬಿಗಿ ಏರುತ್ತದೆ. ಕೆದಕಿದಾಗ ಅರೆಗಳಿಗೆ ಅದು ಸಡಿಲವಾಗುತ್ತದೆ. ಹಿಂದೆಯೇ ನಾಚಿಕೆ ಬರುತ್ತದೆ. ಆ ನಾಚಿಕೆಯಿಂದ ಮತ್ತೆ ಬಿಗಿ, ಮತ್ತೆ ಕೆದಕು. ಗಾಣದ ಎತ್ತಿನಂತೆ ಇದೇ ಸುತ್ತು. ಆದುದರಿಂದ ಬೈದರೆ, ಹೊಡೆದರೆ, ಹಂಗಿಸಿದರೆ ಈ ಅಭ್ಯಾಸ ಬಿಡುವುದಿಲ್ಲ. ನಾಚಿಕೆ ಹೆಚ್ಚಿದಷ್ಟೂ ಗಾಣ ಜೋರಾಗಿ ತಿರುಗುತ್ತದೆ. ಇದು ಹಟವೂ ಅಲ್ಲ, ಗ್ರಹಚಾರವೂ ಅಲ್ಲ, ಮದುವೆ ಮಾಡಿದರೆ ತಾನಾಗಿ ಹೋಗುವಂಥದೂ ಅಲ್ಲ. ಗಾಯಕ್ಕೊಂದು ಆರೈಕೆ, ಕೈಗೊಂದು ಆರೈಕೆ, ಎರಡೂ ಕೂಡಿದರೆ ಮಾತ್ರ ಗುಣ. ಗಾಯಕ್ಕೆ ಮಾತ್ರ ಮುಲಾಮು ಹಚ್ಚಿ ಕೈಯನ್ನು ಹಾಗೆಯೇ ಬಿಟ್ಟರೆ, ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯಂತಾಗುತ್ತದೆ.

ಗಾಯದ ಆರೈಕೆ

ಗಾಯವನ್ನು ಗಾಳಿಗೆ ಬಿಟ್ಟು ಒಣಗಿಸಬೇಕೆಂಬುದು ನಮ್ಮಲ್ಲಿ ರೂಢಿಯ ಮಾತು. ೧೯೬೨ರಲ್ಲಿ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಹಂದಿಗಳ ಮೈಮೇಲಿನ ಸಣ್ಣ ಗಾಯಗಳಲ್ಲಿ ಇದನ್ನು ಪರೀಕ್ಷಿಸಿ ನೋಡಿದನು. ಒಣಗಿ ಹಕ್ಕಳೆಗಟ್ಟಿದ ಗಾಯಕ್ಕಿಂತ, ತೆಳುವಾದ ಹಾಳೆ ಹೊದಿಸಿ ತೇವ ಉಳಿಸಿದ ಗಾಯದಲ್ಲಿ ಹೊಸ ಚರ್ಮ ಹೆಚ್ಚುಕಡಮೆ ಎರಡರಷ್ಟು ಬೇಗ ಹರಡಿತು. ಬೇಸಾಯಗಾರರಿಗೆ ಇದು ಹೊಸ ಮಾತಲ್ಲ. ಒಣ ಹೆಂಟೆಯಲ್ಲಿ ಬೀಜ ಮೊಳೆಯದು. ನೀರು ನಿಂತರೆ ಕೊಳೆಯುತ್ತದೆ. ಹದವಾದ ತೇವದಲ್ಲಿ ಮೊಳಕೆ ಬರುತ್ತದೆ. ಗಾಯಕ್ಕೂ ಅದೇ ಹದ ಬೇಕು.

ಮಾಡತಕ್ಕ ಕ್ರಮ ಹೀಗೆ. ಮೊದಲು ಸೋಪು ಹಾಕಿ ಕೈ ತೊಳೆಯಿರಿ. ಗಾಯವನ್ನು ಕುಡಿಯುವಷ್ಟು ಶುದ್ಧವಾದ ನೀರಿನಿಂದ ಮೆಲ್ಲಗೆ ತೊಳೆದು, ಒಗೆದ ಬಟ್ಟೆಯಿಂದ ಒತ್ತಿ ನೀರು ತೆಗೆಯಿರಿ, ಉಜ್ಜಬೇಡಿರಿ. ವ್ಯಾಸಲೀನ್ ಎಂದು ನಾವು ಕರೆಯುವ ಪೆಟ್ರೋಲಿಯಂ ಜೆಲ್ಲಿಯನ್ನು ತೆಳುವಾಗಿ ಹಚ್ಚಿ, ಔಷಧಿ ಅಂಗಡಿಯಲ್ಲಿ ಸಿಗುವ ಬ್ಯಾಂಡೇಜಿನ ಪಟ್ಟಿಯಿಂದ ಮುಚ್ಚಿರಿ. ದಿನಕ್ಕೊಮ್ಮೆ, ಹೊಲದ ಕೆಲಸದಲ್ಲಿ ನೆನೆದರೆ ಅಥವಾ ಕೊಳೆಯಾದರೆ ಕೂಡಲೇ, ಪಟ್ಟಿಯನ್ನು ಬದಲಾಯಿಸಿರಿ. ಈ ಪಟ್ಟಿಯಿಂದ ಇಮ್ಮಡಿ ಲಾಭ: ಗಾಯಕ್ಕೆ ಹದ, ಬೆರಳಿಗೆ ತಡೆ.

ಸಗಣಿ, ಬೂದಿ, ಸುಣ್ಣ, ಸೀಮೆಎಣ್ಣೆ, ಕಾಫಿಪುಡಿ ಇವನ್ನು ಗಾಯಕ್ಕೆ ಖಂಡಿತ ಹಚ್ಚಬಾರದು. ನೀರು ಬೆರೆಸದ ಡೆಟಾಲು, ಸ್ಪಿರಿಟ್ಟು ಹೊಸ ಚರ್ಮವನ್ನೇ ಸುಡುತ್ತವೆ. ಅಂಗಡಿಯವರು ತುರಿಕೆಗೆಂದು ಕೊಡುವ, ಬೆಟಾಮೆಥಸೋನ್ ಮುಂತಾದ ಸ್ಟೆರಾಯ್ಡ್ ಬೆರೆತ ಮುಲಾಮುಗಳನ್ನು ವೈದ್ಯರು ಹೇಳದೆ ಹಚ್ಚಬೇಡಿರಿ. ಹಲವು ದಿನ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ. ಮೇಲುಮೇಲಿನ ಗಾಯವನ್ನು ಕೈ ಮುಟ್ಟದೆ ಬಿಟ್ಟರೆ ಒಂದೆರಡು ವಾರದಲ್ಲಿ ಮುಚ್ಚಿಕೊಳ್ಳುತ್ತದೆ. ನಮ್ಮ ಮೈಬಣ್ಣದವರಿಗೆ ಆಮೇಲೆ ಕಪ್ಪು ಕಲೆ ಉಳಿಯುವುದು ಸಾಮಾನ್ಯ. ಅದು ಮಾಸಲು ತಿಂಗಳುಗಳೇ ಬೇಕು. ಬಿಸಿಲಿನಲ್ಲಿ ಆ ಜಾಗವನ್ನು ಬಟ್ಟೆಯಿಂದ ಮುಚ್ಚಿಕೊಂಡರೆ ಬೇಗ ಮಾಸುತ್ತದೆ. ಕಲೆ ತೆಗೆಯಲೆಂದು ಉಜ್ಜಿದರೆ ಇನ್ನೂ ಕಪ್ಪಾಗುತ್ತದೆ.

ಗಾಯದ ಸುತ್ತ ಕೆಂಪು ಹರಡಿದರೆ, ಬಿಸಿಯಾಗಿ ಊದಿದರೆ, ಕೀವು ತುಂಬಿದರೆ, ಗಾಯದಿಂದ ಮೇಲಕ್ಕೆ ಕೆಂಪು ಗೆರೆ ಕಂಡರೆ, ಜ್ವರ ಬಂದರೆ ಆ ದಿನವೇ ಆಸ್ಪತ್ರೆಗೆ ಹೋಗತಕ್ಕದ್ದು. ಗದ್ದೆಯ ಕೆಲಸವಾದ ಕೆಲವು ದಿನಗಳಲ್ಲಿ ಜ್ವರ, ಮೀನಖಂಡದ ನೋವು, ಕೆಂಗಣ್ಣು ಕಂಡರೆ ಇಲಿ ಜ್ವರವಿರಬಹುದೆಂದು ವೈದ್ಯರಿಗೆ ಗಾಯವನ್ನೂ ತೋರಿಸಿ, ಗದ್ದೆಗೆ ಇಳಿದಿದ್ದುದನ್ನೂ ತಿಳಿಸಿರಿ. ಸಕ್ಕರೆ ರೋಗವಿರುವವರು ಕಾಲಿನ ಚಿಕ್ಕ ಗಾಯವನ್ನೂ ಅಲಕ್ಷಿಸಬಾರದು.

ಕೈಯ ಆರೈಕೆ

ಇನ್ನು ಕೈಯ ವಿಷಯ. ೧೯೭೩ರಲ್ಲಿ ಅಮೆರಿಕದ ನೇಥನ್ ಆಜ್ರಿನ್ ಮತ್ತು ಗ್ರೆಗರಿ ನನ್ ಎಂಬ ಮನಶ್ಶಾಸ್ತ್ರಜ್ಞರು ಇಂಥ ಅಭ್ಯಾಸಗಳನ್ನು ಬಿಡಿಸಲು ಒಂದು ಕ್ರಮವನ್ನು ಪ್ರಕಟಿಸಿದರು. ಈಗಲೂ ವೈದ್ಯರು ಮುಖ್ಯವಾಗಿ ಹಿಡಿದಿರುವುದು ಆ ದಾರಿಯನ್ನೇ. ಅದರ ತಿರುಳನ್ನು ನಮ್ಮ ಮನೆಗಳಿಗೆ ಹೊಂದುವಂತೆ ಹೇಳುತ್ತೇನೆ.

ಮೊದಲನೆಯದು, ಲೆಕ್ಕ ಇಡುವುದು. ಹಾಲಿನ ಡೈರಿಯಲ್ಲಿ ದಿನಕ್ಕೆರಡು ಸಲ ಹಾಲಿನ ಲೆಕ್ಕ ಬರೆಸುವುದಿಲ್ಲವೆ? ಹಾಗೆಯೇ ಒಂದು ವಾರ ಬರೆದಿಡಿರಿ: ಕೈ ಯಾವ ಹೊತ್ತಿನಲ್ಲಿ ಹೋಯಿತು, ಎಲ್ಲಿ ಕುಳಿತಿದ್ದಾಗ, ಏನು ಮಾಡುತ್ತಿದ್ದಾಗ, ಮನಸ್ಸು ಹೇಗಿತ್ತು. ಕಳ್ಳ ಬರುವ ಹೊತ್ತು ಗೊತ್ತಾದರೆ ಕಾಯುವುದು ಸುಲಭ.

ಎರಡನೆಯದು, ದಾರಿ ಮುಚ್ಚುವುದು. ವಾರಕ್ಕೆರಡು ಸಲ ಉಗುರನ್ನು ಗಿಡ್ಡಗೆ ಕತ್ತರಿಸಿರಿ. ಕೈ ಹೋಗುವ ಹೊತ್ತಿನಲ್ಲಿ ಬೆರಳ ತುದಿಗೆ ಪಟ್ಟಿ ಸುತ್ತಿರಿ, ಇಲ್ಲವೆ ಬಟ್ಟೆಯ ಕೈಚೀಲ ಹಾಕಿಕೊಳ್ಳಿರಿ. ಚಿಮಟ, ಸೂಜಿ, ಪಿನ್ನುಗಳನ್ನು ಕೈಗೆಟುಕದಂತೆ ಇಡಿರಿ. ಕನ್ನಡಿಯ ಮುಂದೆ ಹೆಚ್ಚು ಹೊತ್ತು ಕಳೆಯುವವರು ಅದನ್ನು ಕತ್ತಲೆಯ ಮೂಲೆಗೆ ಸಾಗಿಸಿದರೆ ಒಳ್ಳೆಯದು. ಒಣಚರ್ಮಕ್ಕೆ ಸ್ನಾನವಾದೊಡನೆ ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿದರೆ ಬೆರಳಿಗೆ ಸಿಗುವ ಒರಟು ಕಡಮೆಯಾಗುತ್ತದೆ. ಹಸಿ ಗಾಯದ ಮೇಲೆ ಮಾತ್ರ ಎಣ್ಣೆ ಬೇಡ.

ಮೂರನೆಯದು, ಕೈಗೆ ಬೇರೆ ಕೆಲಸ ಕೊಡುವುದು. ಆಸೆ ಎದ್ದೊಡನೆ ಮುಷ್ಟಿ ಬಿಗಿಹಿಡಿದು, ಇಲ್ಲವೆ ಅಂಗೈಗಳನ್ನು ತೊಡೆಗೆ ಒತ್ತಿ, ಒಂದು ನಿಮಿಷವಾದರೂ ಹಾಗೆಯೇ ಇರಿ. ಮಳೆ ಬಂದಾಗ ಹಳ್ಳ ತುಂಬುತ್ತದೆ. ದಡದಲ್ಲಿ ಸ್ವಲ್ಪ ಹೊತ್ತು ನಿಂತವನಿಗೆ ಇಳಿಯುವುದೂ ಕಾಣುತ್ತದೆ. ಆಸೆಯೂ ಹಾಗೆಯೇ ಏರಿ ಇಳಿಯುತ್ತದೆ. ಕುಳಿತ ಹೊತ್ತಿಗೆ ಬೆರಳಿನ ಕೆಲಸ ಕೊಡುವುದು ಇನ್ನೂ ಉತ್ತಮ. ಕಡಲೆಕಾಯಿ ಸುಲಿಯುವುದು, ಹುಣಸೆಯ ಬೀಜ ಬಿಡಿಸುವುದು, ಹೂಬತ್ತಿ ಹೊಸೆಯುವುದು, ಹಗ್ಗ ಹೆಣೆಯುವುದು ಇವೆಲ್ಲ ಒಳ್ಳೆಯ ಕೆಲಸಗಳು. ಅವರೆಯ ಕಾಲದಲ್ಲಿ ನೆನೆಹಾಕಿದ ಕಾಳನ್ನು ಹಿತುಕುವುದಂತೂ ಬೆರಳು ಬಯಸುವ ಚಲನೆಯೇ ಆಗಿದೆ. ಹಿತುಕಬೇಕಾದ್ದು ಅವರೆಕಾಳನ್ನು, ನಮ್ಮ ಚರ್ಮವನ್ನಲ್ಲ.

ನಡುವೆ ಒಂದು ದಿನ ಕೈ ತಪ್ಪುತ್ತದೆ. ತಪ್ಪಿಯೇ ತಪ್ಪುತ್ತದೆ. ಒಂದು ಸಾಲಿನಲ್ಲಿ ಪೈರು ಹುಟ್ಟಲಿಲ್ಲವೆಂದು ಹೊಲವನ್ನೆಲ್ಲ ಹರಗಿ ಹಾಕುವ ರೈತನಿಲ್ಲ. ಗಾಯ ತೊಳೆದು, ಮುಚ್ಚಿ, ಮಾರನೆಯ ದಿನ ಮೊದಲಿನಂತೆಯೇ ಮುಂದುವರಿಯಿರಿ.

ಮನೆಯವರಿಗೆ ಎರಡು ಮಾತು

ತಾಯಂದಿರೆ, ಹಿರಿಯರೆ, "ನಿನಗೆ ಬುದ್ಧಿಯಿಲ್ಲವೆ?" ಎಂದು ನಾಲ್ಕು ಜನರ ಮುಂದೆ ಕೇಳಬೇಡಿರಿ. ಕೈ ಹೋದದ್ದು ಕಂಡಾಗ ಏನು ಮಾಡಬೇಕೆಂದು ಆ ಮಗುವನ್ನೇ ಕೇಳಿ, ಇಬ್ಬರಿಗೂ ಒಪ್ಪಿಗೆಯಾಗುವ ಒಂದು ಗುರುತು ಮಾಡಿಕೊಳ್ಳಿರಿ. "ಇದಿಷ್ಟು ಕಡಲೆಕಾಯಿ ಸುಲಿದು ಕೊಡವ್ವ" ಎಂದು ಮೊರವನ್ನು ಮುಂದಿಟ್ಟರೆ ಸಾಕು. ಬೇರೆಯವರಿಗೆ ಅದರ ಅರ್ಥ ತಿಳಿಯುವುದಿಲ್ಲ, ಮಗುವಿಗೆ ತಿಳಿಯುತ್ತದೆ. ಗಾಯ ಎಣಿಸಬೇಡಿರಿ, ಮಾಯ್ದ ಜಾಗ ಕಂಡರೆ ಒಂದು ಒಳ್ಳೆಯ ಮಾತು ಆಡಿರಿ.

ಎಲ್ಲಿ ಕೇಳಬೇಕು

ಮನೆಯ ಪ್ರಯತ್ನದಿಂದ ಒಂದೆರಡು ತಿಂಗಳಲ್ಲಿ ಗುಣ ಕಾಣದಿದ್ದರೆ, ಅಥವಾ ಮನಸ್ಸು ತೀರ ಕುಗ್ಗಿದ್ದರೆ ವೈದ್ಯರನ್ನು ಕಾಣಲು ಸಂಕೋಚಪಡಬೇಡಿರಿ. ತರಬೇತಾದ ಆಪ್ತಸಲಹೆಗಾರರು ನಾನು ಹೇಳಿದ ಕ್ರಮವನ್ನು ಕೂತು ಕಲಿಸುತ್ತಾರೆ. ಕೆಲವರಿಗೆ ಮಾತ್ರೆಯೂ ನೆರವಾಗುತ್ತದೆ. ೨೦೧೬ರಲ್ಲಿ ೬೬ ವಯಸ್ಕರ ಮೇಲೆ ನಡೆದ ಒಂದು ಪರೀಕ್ಷೆಯಲ್ಲಿ ಅಸಿಟೈಲ್ ಸಿಸ್ಟೀನ್ ಎಂಬ ಮದ್ದಿನಿಂದ ಕೆದಕುವುದು ಕಡಮೆಯಾಯಿತು. ಆದರೆ ಯಾವ ಮಾತ್ರೆ, ಎಷ್ಟು, ಎಷ್ಟು ದಿನ ಎಂಬುದನ್ನು ವೈದ್ಯರೇ ಹೇಳಬೇಕು.

ಮನಸ್ಸಿನ ರೋಗಕ್ಕೆ ಹಳ್ಳಿಯ ಮಟ್ಟದಲ್ಲಿಯೇ ಚಿಕಿತ್ಸೆ ಕೊಡಬಹುದೆಂದು ತೋರಿಸಿಕೊಟ್ಟದ್ದು ನಮ್ಮ ಬಳ್ಳಾರಿ ಜಿಲ್ಲೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ೧೯೮೦ರ ದಶಕದಲ್ಲಿ ಅಲ್ಲಿ ನಡೆಸಿದ ಕೆಲಸವೇ ಮಾದರಿಯಾಗಿ, ೧೯೯೬ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಆರಂಭವಾಯಿತು. ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯಾಗಲಿ ಆಶಾ ಕಾರ್ಯಕರ್ತೆಯರಲ್ಲಿಯಾಗಲಿ ಕೇಳಿದರೆ ಮುಂದಿನ ದಾರಿ ತಿಳಿಯುತ್ತದೆ. ಎದುರು ನಿಂತು ಹೇಳಲು ನಾಚಿಕೆಯಾದರೆ ಟೆಲಿ ಮಾನಸ್ ಸಹಾಯವಾಣಿ ಇದೆ. ೨೦೨೨ರ ಅಕ್ಟೋಬರಿನಲ್ಲಿ ಇದು ಆರಂಭವಾಯಿತು. ಸಂಖ್ಯೆ ೧೪೪೧೬. ಒಂದು, ನಾಲ್ಕು, ನಾಲ್ಕು, ಒಂದು, ಆರು. ಹಗಲಿರುಳೂ, ಕನ್ನಡದಲ್ಲಿಯೇ ಮಾತನಾಡಬಹುದು, ಖರ್ಚಿಲ್ಲ.

ಬಾಂಧವರೆ, ಬೇಲಿ ಮುರಿದರೆ ನಾವು ಬೇಲಿಯನ್ನು ಬೈಯುತ್ತ ಕೂರುವುದಿಲ್ಲ. ಮುಳ್ಳು ತಂದು ಕಂಡಿ ಮುಚ್ಚುತ್ತೇವೆ, ಮುರಿದ ಕಾರಣವನ್ನೂ ನೋಡುತ್ತೇವೆ. ಇಲ್ಲಿಯೂ ಅಷ್ಟೇ. ನಿಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಬಿಸಿಲಿನಲ್ಲಿ ತೋಳು ಮುಚ್ಚಿಕೊಂಡು ಓಡಾಡುವವರಿದ್ದರೆ, ಅವರ ತೋಳನ್ನು ನೋಡುವ ಮೊದಲು ಅವರ ಪಕ್ಕದಲ್ಲಿ ಒಂದು ಗಳಿಗೆ ಕುಳಿತುಕೊಳ್ಳಿರಿ. ಈ ಮಾತನ್ನು ಅವರಿಗೆ ಮುಟ್ಟಿಸಿರಿ.